ಮೃತ್ಪಾದ ಸಾಹೇಬರ ಸನ್ನಿಧಾನಕ್ಕೆ

ಬಸವನ ಬಾಗೇವಾಡಿಯ ಮಾಮಲೇದಾರ ಕಚೇರಿಯ ಎದುರಿಗೆ, ಬೇವಿನ ಗಿಡದ ನೆರಳಲ್ಲಿ ಡೆಸ್ಕು ಹಾಕಿಕೊಂಡು ಕೂಡುತ್ತಿದ್ದ ಬಸಂತರಾಯರು ಅರ್ಜಿ ಬರೆಯುತ್ತಿದ್ದರು ಎಂದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಬರೆಯುವುದು ಯಾರಿಗಾದರೂ ಬರುತ್ತದೆ. ರಾಯರು ಅರ್ಜಿಯನ್ನು ಕಟ್ಟುತ್ತಿದ್ದರು. ಅರ್ಜಿಯ ಜೀವ ಇರುವುದೆಲ್ಲ ಮೊದಲನೇ ಸಾಲಿನಲ್ಲಿ ಎಂಬುದು ಅವರ ಸಿದ್ಧಾಂತ.

"ಮೊದಲನೇ ಸಾಲಿಗೇ ಸಾಹೇಬರ ಮುಖಾ ಅರಳಬೇಕು" ಎಂದು ಅವರು ಹೇಳುತ್ತಿದ್ದರು. "ಮುಖಾ ಅರಳಿತಂದ್ರ ಕೈ ತಾನಽ ಸಹಿ ಮಾಡತೈತಿ."

ಆದ್ದರಿಂದ ಅವರ ಅರ್ಜಿಗಳು 'ಸಕಲಗುಣಸಂಪನ್ನ', 'ದೀನಜನಬಂಧು', 'ನ್ಯಾಯಸಿಂಹಾಸನಾಧೀಶ್ವರ' ಎಂದು ಶುರುವಾಗಿ, ಒಂದು ಹಾಳೆಯ ತುಂಬ ಬಿರುದುಗಳೇ ಸಾಗುತ್ತಿದ್ದವು. ಎತ್ತು ಕಳೆದುಕೊಂಡವನ ಅರ್ಜಿಯಲ್ಲಿ ಎತ್ತು ಕಾಣಿಸಿಕೊಳ್ಳುತ್ತಿದ್ದದ್ದು ಎರಡನೇ ಹಾಳೆಯ ನಡುವಿನಲ್ಲಿ. ಅಷ್ಟರೊಳಗೆ ಎಷ್ಟೋ ಎತ್ತುಗಳು ತಾವಾಗಿಯೇ ಮನೆಗೆ ಬಂದದ್ದುಂಟು. ಅದನ್ನೂ ರಾಯರು ತಮ್ಮ ಬರವಣಿಗೆಯ ಪ್ರಭಾವವೆಂದೇ ಎಣಿಸುತ್ತಿದ್ದರು.

ಇಂಥ ರಾಯರಿಗೆ ಸಾವಿರದ ಒಂಬೈನೂರ ಅರವತ್ಮೂರರ ಆಷಾಢದಲ್ಲಿ ಒಂದು ಸಂಕಟ ಬಂತು. ಜೈನುದ್ದೀನ ಎಂಬ ಹುಡುಗಾಟದ ವಯಸ್ಸಿನ ಟೈಪಿಸ್ಟ್ ಒಬ್ಬ ಕಚೇರಿಯ ಇನ್ನೊಂದು ಬದಿಗೆ ಮಶೀನು ತಂದಿಟ್ಟ. ಅವನ ಅರ್ಜಿ ಇಂಗ್ಲಿಷಿನಲ್ಲಿ, ಅದೂ ಬರೇ 'ಸರ್' ಎಂಬ ಒಂದೇ ಶಬ್ದದಿಂದ ಶುರುವಾಗುತ್ತಿತ್ತು. ಜನರಿಗೆ ಅಕ್ಷರ ಬೇಕಿರಲಿಲ್ಲ, ಸಪ್ಪಳ ಬೇಕಾಗಿತ್ತು. ಟಕಟಕ ಎಂದು ಸಪ್ಪಳ ಮಾಡುತ್ತ ಹುಟ್ಟಿದ ಅರ್ಜಿ ಕಚೇರಿಯ ಒಳಗೂ ಹಾಗೆಯೇ ಓಡುತ್ತದೆಂದು ನಂಬಿ ಎಲ್ಲರೂ ಅವನ ಕಡೆಗೆ ಹೋಗತೊಡಗಿದರು. ರಾಯರಿಗೆ ಹೊಸ ಬಿರುದೊಂದು ಬೇಕಾಯಿತು. ಇಡೀ ವಿಜಾಪುರ ಜಿಲ್ಲೆಯಲ್ಲಿ ಯಾರೂ ಕೇಳಿರದಂಥದು.

ಅದು ಅವರಿಗೆ ಸಿಕ್ಕದ್ದು ಮನೆಯಲ್ಲೇ. ಹೆಂಡತಿ ಸುಮಿತ್ರಾಬಾಯಿಗೆ ವಾರಪತ್ರಿಕೆ ಓದುವ ಹುಚ್ಚು. ಆ ವರ್ಷ ಅದರಲ್ಲಿ ಮಂಗಳ ಗ್ರಹದ ಒಂದು ಕಥೆ ವಾರವಾರ ಬರುತ್ತಿತ್ತು. ರಾಯರು ಕಥೆ ಓದುವವರಲ್ಲ. ಆದರೆ ಒಂದು ಸಂಜೆ ಬಾಗಿಲ ಹತ್ತಿರ ತೆರೆದು ಬಿದ್ದಿದ್ದ ಹಾಳೆಯ ಮೇಲೆ ಅವರ ಕಣ್ಣು ಹೋಯಿತು. ಚಿತ್ರದಲ್ಲಿ ಮಂಗಳದ ಮಹಾರಾಣಿ ಸಿಂಹಾಸನ ಬಿಟ್ಟು ಎದ್ದು ನಿಂತಿದ್ದಳು. ಎದುರಿಗೆ ಭೂಮಿಯಿಂದ ಬಂದ ರಾಯಭಾರಿ. ಅವಳು ಕೈ ಚಾಚಿ, "ಎಲೈ ಮೃತ್ಪಾದ!" ಎಂದಿದ್ದಳು. ಅಲ್ಲಿಗೆ ಹಾಳೆ ಮುಗಿದಿತ್ತು.

"ಸುಮಿತ್ರಾ, ಮೃತ್ಪಾದ ಅಂದ್ರ ಏನ?" ಎಂದು ರಾಯರು ಕೂಗಿ ಕೇಳಿದರು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸುಮಿತ್ರಾಬಾಯಿ ಕೈ ನಿಲ್ಲಿಸದೆ ಹೇಳಿದರು. "ಮಂಗಳದವರು ಭೂಮಿ ಮ್ಯಾಲಿನ ಮಂದಿಗಿ ಹಂಗ ಅಂತಾರ್ರೀ. ಚಂದ್ರನ ಮ್ಯಾಲಿನವರು ನಮಗ ಭಾರಕಾಯ ಅಂತಾರ, ಶುಕ್ರದವರು ನೀರ್ಗುಡುಕ ಅಂತಾರ, ಮಂಗಳದವರು ಮೃತ್ಪಾದ ಅಂತಾರ. ಯಾಕಂದ್ರ..."

'ಯಾಕಂದ್ರ' ಎಂಬುದರ ಮುಂದಿನ ಮಾತು ರೊಟ್ಟಿಯ ಸಪ್ಪಳದಲ್ಲಿ ಹೂತುಹೋಯಿತು. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ರಾಯರಿಗೆ ಬೇಕಾದದ್ದು ಆಗಲೇ ಸಿಕ್ಕಿತ್ತು. ಭಾರಕಾಯ, ನೀರ್ಗುಡುಕ ಎಂಬ ಮಾತುಗಳು ಅವರಿಗೆ ಹಿಡಿಸಲಿಲ್ಲ. ಚಂದ್ರ, ಶುಕ್ರದವರಿಗೆ ರೀತಿ ರಿವಾಜು ಕಡಿಮೆ ಎಂದುಕೊಂಡರು. ಆದರೆ ಮೃತ್ಪಾದ! ಪೂಜ್ಯಪಾದ, ಭಗವತ್ಪಾದ, ಮೃತ್ಪಾದ. ರಾಣಿಯಂಥ ರಾಣಿ ಸಿಂಹಾಸನದಿಂದ ಎದ್ದು ನಿಂತು, 'ಬಂದು ಕೂಡಿರಿ' ಎಂದು ಕೈ ಚಾಚಿ, ಭೂಮಿಯ ಮನುಷ್ಯನನ್ನು ಹಾಗೆ ಕರೆದಿದ್ದಾಳೆ! ರಾಯರಿಗೆ ತಾನೂ ಭೂಮಿಯವನೇ ಎಂಬುದು ನೆನಪಾಗಿ ಎದೆ ಉಬ್ಬಿತು. ಆ ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ಉಂಡರು.

ಮರುದಿನವೇ ಎರಿಕೊಪ್ಪದಿಂದ ಹಜರಾಬಿ ಮತ್ತು ದುರ್ಗವ್ವ ಬಂದರು. ಎರಿಕೊಪ್ಪವೆಂದರೆ ಹೂವಿನ ಹಿಪ್ಪರಗಿಯ ಹಾದಿಯಲ್ಲಿ, ನಾಲ್ಕೂ ಕಡೆ ಕಪ್ಪು ಎರಿಮಣ್ಣಿನ ಹೊಲಗಳ ನಡುವಿನ ಸಣ್ಣ ಊರು. ಹಜರಾಬಿ ನಲವತ್ತರ ಗಟ್ಟಿ ಹೆಂಗಸು. ದುರ್ಗವ್ವ ಅವಳ ಪಕ್ಕದ ಮನೆಯ ಮುದುಕಿ. ಇಬ್ಬರ ಸೊಂಟಕ್ಕೂ ಹಗ್ಗ ಕಟ್ಟಿದಂತೆ ಒಟ್ಟಿಗೇ ತಿರುಗುತ್ತಿದ್ದರು. ಊರಿಗೆ ಹೆಣ್ಣುಮಕ್ಕಳ ಶಾಲೆ ಮಂಜೂರಾಗಿ ಎರಡು ವರ್ಷವಾಗಿತ್ತು. ಕಲಿಸುವ ಬಾಯಿಯವರೂ ಬಂದಿದ್ದರು, ಕಪ್ಪು ಹಲಗೆಯೂ ಬಂದಿತ್ತು. ಜಾಗ ಮಾತ್ರ ಬಂದಿರಲಿಲ್ಲ. ನಲವತ್ತೊಂದು ಹುಡುಗಿಯರು ಹಜರಾಬಿಯ ಎಮ್ಮೆಗಳ ಕೊಟ್ಟಿಗೆಯಲ್ಲಿ ಕೂತು ಕಲಿಯುತ್ತಿದ್ದರು. ಎಮ್ಮೆಗಳು ಮೇಯಲು ಹೋದಾಗ ಶಾಲೆ ಕೂಡುತ್ತಿತ್ತು, ಎಮ್ಮೆಗಳು ತಿರುಗಿ ಬಂದಾಗ ಬಿಡುತ್ತಿತ್ತು. ಊರ ಪಕ್ಕದಲ್ಲಿ ದನ ಮೇಯುವ ಸರಕಾರಿ ಗಾಯರಾಣದಲ್ಲಿ ಇಪ್ಪತ್ತು ಗುಂಟೆ ಕೊಟ್ಟರೆ ಊರವರೇ ಗೋಡೆ ಎಬ್ಬಿಸಲು ತಯಾರಿದ್ದರು. ಅದಕ್ಕಾಗಿ ಕೊಟ್ಟ ಮೂರು ಅರ್ಜಿಗಳು ಕಚೇರಿಯ ಯಾವ ಗಂಟಿನಲ್ಲಿ ಮಲಗಿದ್ದವೋ ಯಾರಿಗೂ ಗೊತ್ತಿರಲಿಲ್ಲ.

"ರಾಯರ, ಈ ಸಲ ಸಾಹೇಬರು ಕುರ್ಚಿ ಬಿಟ್ಟ ಎದ್ದ ನಿಂದರೂ ಹಂಗ ಬರೀರಿ" ಎಂದಳು ಹಜರಾಬಿ.

"ಹೊಗಳೂದು ಸ್ವಲ್ಪ ಕಡಿಮಿ ಮಾಡ್ರಿ" ಎಂದಳು ದುರ್ಗವ್ವ. "ಹೋದ ಸಲ ನಮ್ಮ ಸಾಲಿ ಮೂರನೇ ಹಾಳ್ಯಾಗ ಇತ್ತು. ಅಲ್ಲೀತನಾ ಯಾರ ಓದತಾರ?"

"ಈ ಸಲ ಒಂದಽ ಬಿರುದು, ದುರ್ಗವ್ವಾ" ಎಂದರು ರಾಯರು, ದನಿ ತಗ್ಗಿಸಿ. "ಆದರ ಅದು ಭೂಮಿ ಮ್ಯಾಲಿಂದಲ್ಲ."

ಬರೆದರು: 'ಅಖಂಡ ಭೂಮಂಡಲದ ಮೃತ್ಪಾದರಲ್ಲಿ ಅಗ್ರಗಣ್ಯರಾದ ಪರಮ ಮೃತ್ಪಾದ ಶ್ರೀ ಮಾಮಲೇದಾರ ಸಾಹೇಬರ ಸನ್ನಿಧಾನಕ್ಕೆ.' ಎರಡನೇ ಸಾಲಿಗೇ ಶಾಲೆ ಬಂತು. ಹಜರಾಬಿ ಮೋಡಿ ಅಕ್ಷರ ತಿರುವಿ ಸಹಿ ಮಾಡಿದಳು, ದುರ್ಗವ್ವ ಹೆಬ್ಬಟ್ಟು ಒತ್ತಿದಳು.

ಅರ್ಜಿಯನ್ನು ಒಳಗೆ ಒಯ್ದವನು ಕಚೇರಿಯ ಪಟ್ಟೇವಾಲಾ ನಬಿಸಾಬ. ಎದೆಯ ಮೇಲಿನ ಹಿತ್ತಾಳೆಯ ಬಿಲ್ಲೆಯನ್ನು ದಿನಕ್ಕೆರಡು ಸಲ ತಿಕ್ಕುವ ಮನುಷ್ಯ. ಒಯ್ಯುವ ಮೊದಲು, "ಇದೇನ ರಾಯರ, ಮೃತ್ಪಾದ?" ಎಂದು ಕೇಳಿದ್ದ. ರಾಯರು ಬೆರಳನ್ನು ಆಕಾಶದ ಕಡೆ ತೋರಿಸಿ, "ಮ್ಯಾಲಿನಿಂದ ಬಂದದ್ದು" ಎಂದಿದ್ದರು.

ಮಾಮಲೇದಾರ ಸಾಹೇಬರು ಮೊದಲನೇ ಸಾಲು ಓದಿದರು. ಮತ್ತೊಮ್ಮೆ ಓದಿದರು. "ಇದೇನೋ ನಬಿಸಾಬ, ಹೊಸಾ ಬಿರುದು?"

"ಮ್ಯಾಲಿನಿಂದ ಬಂದದ್ರಿ ಸಾಹೇಬರ."

"ಮ್ಯಾಲಿನಿಂದ ಅಂದ್ರ? ವಿಜಾಪುರದಿಂದ?"

"ಅದಕ್ಕಿಂತಾ ಮ್ಯಾಲಿನಿಂದ್ರಿ."

"ಬೆಂಗಳೂರಿಂದ?"

"ಇನ್ನೂ ಭಾಳ ಮ್ಯಾಲಿನಿಂದ್ರಿ" ಎಂದ ನಬಿಸಾಬ, ಆಕಾಶಕ್ಕೆ ಬೆರಳು ತೋರಿಸಿ.

ಸಾಹೇಬರ ಬೆನ್ನು ನೆಟ್ಟಗಾಯಿತು. ದಿಲ್ಲಿ! ದಿಲ್ಲಿಯಿಂದ ಅಧಿಕಾರಿಗಳಿಗೆ ಹೊಸ ಬಿರುದು ಕೊಟ್ಟು ಸುತ್ತೋಲೆ ಬಂದಿದೆ, ಅರ್ಜಿ ಬರೆಯುವವನಿಗೆ ಗೊತ್ತಾಗಿದೆ, ತಮಗೆ ಗೊತ್ತಾಗಿಲ್ಲ. ಶಿರಸ್ತೇದಾರರನ್ನು ಕರೆದು ಕೇಳಿದರು. ಶಿರಸ್ತೇದಾರರು ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ 'ಆ ಕಾಗದ ಬಂದಿಲ್ಲ' ಎಂದು ಒಮ್ಮೆಯೂ ಅಂದವರಲ್ಲ.

"ಬಂದೈತ್ರಿ. ಫಾಯಿಲಿಗೆ ಹಚ್ಚೇನ್ರಿ" ಎಂದುಬಿಟ್ಟರು.

ಮೂರು ದಿನ ಕಚೇರಿಯ ಗಂಟುಗಳನ್ನೆಲ್ಲ ಬಿಚ್ಚಿ ಇಲ್ಲದ ಸುತ್ತೋಲೆಯನ್ನು ಹುಡುಕಿದರು. ಸುತ್ತೋಲೆ ಸಿಗಲಿಲ್ಲ, ಎರಿಕೊಪ್ಪದ ಮೂರು ಹಳೆಯ ಅರ್ಜಿಗಳು ಸಿಕ್ಕವು. ಸಾಹೇಬರು ನಾಲ್ಕನ್ನೂ ಸೇರಿಸಿ, ತಮ್ಮ ಕಡೆಯಿಂದ ತಡವಾಯಿತು ಎನಿಸಬಾರದೆಂದು ಅಂದೇ ವಿಜಾಪುರದ ಪ್ರಾಂತ ಸಾಹೇಬರಿಗೆ ಕಳಿಸಿದರು. ಜಮೀನು ಕೊಡುವ ಅಧಿಕಾರ ಇದ್ದದ್ದು ಅವರಿಗೇ. ಮೇಲೆ ತಮ್ಮ ಕೈಯಾರೆ ಬರೆದರು: 'ಮಹಾ ಮೃತ್ಪಾದ ಪ್ರಾಂತ ಸಾಹೇಬರಿಗೆ, ಮೃತ್ಪಾದ ಮಾಮಲೇದಾರನ ವಿನಂತಿ.'

ಎರಡು ವರ್ಷ ಅಲುಗದಿದ್ದ ಕಾಗದ ಮೂರು ದಿನಕ್ಕೆ ವಿಜಾಪುರ ಮುಟ್ಟಿತು ಎಂಬ ಸುದ್ದಿ ನಾಲ್ಕು ತಾಲೂಕಿಗೆ ಹರಡಲು ತಡವಾಗಲಿಲ್ಲ. ಜೈನುದ್ದೀನನ ಮಶೀನು ಸುಮ್ಮನಾಯಿತು. ಬೇವಿನ ಗಿಡದ ಸುತ್ತ ಜನ ನೆರೆದರು. ಮುದ್ದೇಬಿಹಾಳದ ಕಾರಕೂನರು ಬಂದು ಶಬ್ದವನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು. ಇಂಡಿ ಊರಿನ ಒಬ್ಬ ವಕೀಲರು ತಮ್ಮ ಬೋರ್ಡನ್ನು ಇಳಿಸಿ, ಹೆಸರಿನ ಹಿಂದೆ ಹೊಸ ಬಿರುದು ಬರೆಸಿ ಮತ್ತೆ ಏರಿಸಿದರು. ರಾಯರು ಯಾರಿಗೂ ಅರ್ಥ ಹೇಳುತ್ತಿರಲಿಲ್ಲ. ಆಕಾಶ ತೋರಿಸುತ್ತಿದ್ದರು, ಅಷ್ಟೆ.

ಪೆಟ್ಟು ಬಿದ್ದದ್ದು ಸಿಂದಗಿಯಲ್ಲಿ. ಸುಮಿತ್ರಾಬಾಯಿಯ ತಮ್ಮ ಶ್ರೀಶೈಲಪ್ಪ ಅಲ್ಲಿ ಕಾಳಿನ ವ್ಯಾಪಾರಿ. ಶ್ರಾವಣದಲ್ಲಿ ಹೊಸ ಮನೆಯ ಪ್ರವೇಶ ಇಟ್ಟುಕೊಂಡಿದ್ದ. ಭಾವನ ಸಲಹೆಯಂತೆ ಆಮಂತ್ರಣದಲ್ಲಿ ತನ್ನ ಹೆಸರಿನ ಹಿಂದೆ ಮೃತ್ಪಾದ ಎಂದು ಹಾಕಿಸಲು ಬರೆದುಕೊಟ್ಟ. ಆದರೆ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವವನು ಬಹಳ ಶ್ರದ್ಧೆಯ ಮನುಷ್ಯ. ಜೀವಮಾನದಲ್ಲಿ ಆ ಶಬ್ದ ನೋಡಿರಲಿಲ್ಲ. ಇದು ಬರೆದವರ ತಪ್ಪು ಎಂದು ತಿಳಿದು, ತನಗೆ ಗೊತ್ತಿದ್ದ ಹತ್ತಿರದ ಶಬ್ದವನ್ನು ಜೋಡಿಸಿದ. ಪತ್ರಿಕೆ ಹೀಗೆ ಹೊರಟಿತು: 'ಮೃತ ಶ್ರೀಶೈಲಪ್ಪನವರು ತಮ್ಮ ಹೊಸ ಮನೆಯನ್ನು ಪ್ರವೇಶ ಮಾಡಲಿದ್ದಾರೆ. ತಾವು ಸಹಕುಟುಂಬ ಬಂದು ಊಟ ಮಾಡಿ ಹೋಗಬೇಕು.'

ಇಂಡಿಯಿಂದ ಸೋದರತ್ತೆ ಸಿದ್ದಲಿಂಗವ್ವ ಮೊದಲ ಬಸ್ಸಿಗೇ ಬಂದಳು. ಸಿಂದಗಿಯ ಬಸ್ ಸ್ಟ್ಯಾಂಡಿನಿಂದಲೇ ಅಳು ಶುರುಮಾಡಿ, ಓಣಿಯ ಹೆಂಗಸರನ್ನೆಲ್ಲ ಹಿಂದೆ ಕರೆದುಕೊಂಡು, ಮಾವಿನ ತೋರಣ ಕಟ್ಟಿದ ಬಾಗಿಲ ಮುಂದೆ ಬಂದು ಕುಸಿದಳು.

"ಹೊಸಾ ಮನಿ ಕಟ್ಟಿ ಒಂದ ದಿನಾನೂ ಮಲಗಲಿಲ್ಲಲ್ಲೋ ನನ್ನಪ್ಪಾ! ಸುಣ್ಣದ ವಾಸನಿ ಹೋಗೂದ್ರಾಗ ನೀ ಹೋದೆಲ್ಲೋ!"

ಜರಿ ರುಮಾಲು ಸುತ್ತಿಕೊಂಡು ಶ್ರೀಶೈಲಪ್ಪ ಓಡಿ ಹೊರಗೆ ಬಂದ. "ಅತ್ತಿ, ಯಾರ ಸತ್ತಾರ?"

"ನೀನಽ!" ಎಂದಳು ಸಿದ್ದಲಿಂಗವ್ವ, ಅವನ ಕೈ ಹಿಡಿದುಕೊಂಡೇ.

"ನಾ ಇಲ್ಲೇ ಅದೇನಲ್ಲ ಅತ್ತಿ!"

ಸಿದ್ದಲಿಂಗವ್ವ ಮೇಲಿಂದ ಕೆಳಗೆ ನೋಡಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಸಿಟ್ಟಾದಳು. "ಇದ್ದೀ ಅಂದ್ರ ಕಾರ್ಡಿನಾಗ ಸುಳ್ಳ ಯಾಕ ಹಾಕ್ಸೀದಿ? ಎರಡ ತಾಸು ಬಸ್ಸಿನ್ಯಾಗ ಅತಗೋಂತ ಬಂದೇನಿ. ಕಂಡಕ್ಟರೂ ಅತ್ತಾನ!"

ಮಧ್ಯಾಹ್ನದವರೆಗೆ ಮುದ್ದೇಬಿಹಾಳದಿಂದ, ನಿಡಗುಂದಿಯಿಂದ ಬಂದ ಬೀಗರೆಲ್ಲ ಇದೇ ರೀತಿ ಅತ್ತರು, ಇದೇ ರೀತಿ ಸಿಟ್ಟಾದರು, ಆಮೇಲೆ ಹೋಳಿಗೆ ಉಂಡರು. ತಂದ ಹೂವಿನ ಹಾರ ತಿರುಗಿ ಒಯ್ಯಬಾರದೆಂದು ಜೀವಂತ ಶ್ರೀಶೈಲಪ್ಪನ ಕೊರಳಿಗೇ ಹಾಕಿ ಹೋದರು.

ಮರುದಿನ ಬೆಳಿಗ್ಗೆ ಶ್ರೀಶೈಲಪ್ಪ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಬಾಗೇವಾಡಿಗೆ ಬಂದು ಭಾವನ ಮುಂದೆ ಎಸೆದ. "ನನ್ನ ಸಾಯ್ಸಿದ್ರಲ್ಲ ಭಾವಾ!"

"ಅಚ್ಚಿನವನ ತಪ್ಪಪಾ ಅದು" ಎಂದರು ರಾಯರು. "ಶಬ್ದಾ ಎಂಥಾದ್ದ ಗೊತ್ತೇನು? ಮೃತ್ಪಾದ!"

ಒಳಗಿನಿಂದ ಸುಮಿತ್ರಾಬಾಯಿ ಸೆರಗಿಗೆ ಕೈ ಒರೆಸುತ್ತ ಬಂದರು. "ಏನಂದ್ರಿ? ಎಲ್ಲೆ ಕೇಳಿದ್ರಿ ಈ ಮಾತು?"

"ನಿನ್ನ ಪತ್ರಿಕ್ಯಾಗಽ ಓದೇನಿ. ಈಗ ನಾಕೂ ತಾಲೂಕಿನಾಗ ಅದಽ ಚಾಲೂ ಐತಿ. ಮಾಮಲೇದಾರ ಸಾಹೇಬರು, ಪ್ರಾಂತ ಸಾಹೇಬರು..."

ಸುಮಿತ್ರಾಬಾಯಿ ಹಣೆಗೆ ಕೈ ಹಚ್ಚಿಕೊಂಡು ಕೆಳಗೆ ಕೂತರು. ಆಮೇಲೆ ಎದ್ದು ಹೋಗಿ ಪತ್ರಿಕೆಯ ಕಟ್ಟು ತಂದು, ಹಾಳೆ ತಿರುವಿ, ಗಟ್ಟಿಯಾಗಿ ಓದಿದರು: "'ಎಲೈ ಮೃತ್ಪಾದ! ಮಣ್ಣುಗಾಲಿನವನೇ! ನಿನ್ನ ಹೊಲಸು ಹೆಜ್ಜೆಯಿಂದ ನನ್ನ ಸ್ಫಟಿಕದ ಅಂಗಳ ಕೆಟ್ಟುಹೋಯಿತು. ನಡೆ ಹೊರಗೆ!'" ಹಾಳೆ ಮಡಿಚಿದರು. "ಮೃತ್ ಅಂದ್ರ ಮಣ್ಣು. ಪಾದ ಅಂದ್ರ ಕಾಲು. ಮಂಗಳದವರು ನಮಗ ಬೈಯೂ ಮಾತ್ರೀ ಅದು."

"ಬೈಗುಳಾನ?" ಎಂದರು ರಾಯರು. ದನಿ ಬಹಳ ಸಣ್ಣದಾಗಿತ್ತು.

"ಅಗದೀ ಕೆಟ್ಟ ಬೈಗುಳ. ಹೋದ ವಾರ ಇದಽ ಮಾತಿನ ಮ್ಯಾಲ ಎರಡೂ ಗ್ರಹಕ್ಕ ಯುದ್ಧ ಹತ್ತೇತಿ."

ರಾಯರು ಚಿತ್ರವನ್ನು ಮತ್ತೆ ನೋಡಿದರು. ರಾಣಿಯ ಚಾಚಿದ ಕೈ ಈಗ ಕುರ್ಚಿಯ ಕಡೆಗಲ್ಲ, ಬಾಗಿಲ ಕಡೆಗಿತ್ತು. ತಾವು ಮಾಮಲೇದಾರರನ್ನು ಮಣ್ಣುಗಾಲಿನವರಲ್ಲಿ ಅಗ್ರಗಣ್ಯ ಎಂದದ್ದು, ಮಾಮಲೇದಾರರು ಪ್ರಾಂತ ಸಾಹೇಬರನ್ನು ಮಹಾ ಮಣ್ಣುಗಾಲಿನವರೆಂದದ್ದು ಒಂದರ ಮೇಲೊಂದು ಅವರಿಗೆ ನೆನಪಾದವು. ಅದೇ ಹೊತ್ತಿಗೆ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ನಬಿಸಾಬ ನಗುತ್ತ ಒಳಗೆ ಬಂದ.

"ರಾಯರ, ನಿಮ್ಮ ದೈವ ತೆರೀತು! ಪ್ರಾಂತ ಸಾಹೇಬರು ಬರೂ ಬೇಸ್ತವಾರ ಖುದ್ದ ಎರಿಕೊಪ್ಪಕ್ಕ ಬರಾಕತ್ತಾರ. ಅರ್ಜಿ ಬರದವರನ್ನ ಹಾಜರ ಮಾಡ್ರಿ ಅಂತ ಹುಕುಮ ಆಗೇತಿ. ಶಾಲು ಹೊಚ್ಚತಾರ ಅಂತ ಕಾಣತೈತಿ!"

ಬುಧವಾರ ಇಡೀ ದಿನ ಮಳೆ ಹೊಡೆಯಿತು. ಗುರುವಾರ ಬಿಸಿಲು ಬಿದ್ದಿತ್ತು. ಜೀಪಿನಲ್ಲಿ ಮುಂದೆ ಪ್ರಾಂತ ಸಾಹೇಬರು, ಹಿಂದೆ ಮಾಮಲೇದಾರರು, ಇಬ್ಬರು ಕಾರಕೂನರು, ನಬಿಸಾಬ, ಮೂಲೆಯಲ್ಲಿ ಮುದುಡಿ ಕೂತ ಬಸಂತರಾಯರು. ಪ್ರಾಂತ ಸಾಹೇಬರ ಹೆಸರು ಪರಮಾನಂದ. ಮೈಸೂರು ಕಡೆಯವರು. ಜಿಲ್ಲೆಗೆ ಬಂದು ಎರಡು ತಿಂಗಳಾಗಿತ್ತು. ಬಿಳಿ ಪ್ಯಾಂಟು, ಕನ್ನಡಿಯಂಥ ಬೂಟು. ಹಾದಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ. ಅದರಿಂದ ಮಾಮಲೇದಾರರಿಗೆ ಬಹಳ ಗೌರವ ಹುಟ್ಟಿತು, ರಾಯರಿಗೆ ಜ್ವರ ಬಂದಂತಾಯಿತು.

ಊರು ಅರ್ಧ ಮೈಲಿ ಇರುವಾಗ ಜೀಪು ಎರಿಯಲ್ಲಿ ಕೂತಿತು. ತಳ್ಳಿದಷ್ಟೂ ಇನ್ನಷ್ಟು ಆರಾಮಾಗಿ ಕೂತಿತು. ಎಲ್ಲರೂ ಇಳಿದು ನಡೆಯಬೇಕಾಯಿತು.

ಎರಿಮಣ್ಣಿನ ಸ್ವಭಾವ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಒಣಗಿದಾಗ ಅದು ಬಾಯಿ ಬಿಟ್ಟು ಬಿರಿಯುತ್ತದೆ, ನೆನೆದಾಗ ಹಿಡಿದ ಕಾಲು ಬಿಡುವುದಿಲ್ಲ. ಮೊದಲ ಹೆಜ್ಜೆಗೆ ಒಂದು ಪದರ, ಎರಡನೇ ಹೆಜ್ಜೆಗೆ ಅದರ ಮೇಲೊಂದು. ಹತ್ತನೇ ಹೆಜ್ಜೆಗೆ ಒಂದೊಂದು ಕಾಲೂ ಒಂದೊಂದು ಬುಟ್ಟಿಯಷ್ಟಾಗುತ್ತದೆ. ಹುದ್ದೆ ಯಾವುದು, ಜಾತಿ ಯಾವುದು ಎಂದು ಅದು ಕೇಳುವುದಿಲ್ಲ. ಮಾಮಲೇದಾರರು ಆನೆಯಂತೆ ಹೆಜ್ಜೆ ಕಿತ್ತರು. ಪ್ರಾಂತ ಸಾಹೇಬರ ಎಡಗಾಲು ಮೇಲೆ ಬಂತು, ಬೂಟು ಬರಲಿಲ್ಲ. ನಬಿಸಾಬ ಮೊಣಕೈವರೆಗೆ ಕೈ ಇಳಿಸಿ ಹುಡುಕಿ, ಮಣ್ಣಿನ ಮುದ್ದೆಯೊಂದನ್ನು ಎತ್ತಿ, "ಇದಽ ಇರಬೇಕ್ರಿ ಸಾಹೇಬರ" ಎಂದು ಎದೆಗೆ ಅವಚಿಕೊಂಡು ನಡೆದ.

ಕೊಟ್ಟಿಗೆಯಲ್ಲಿ ನಲವತ್ತೊಂದು ಹುಡುಗಿಯರು ಸಾಲಾಗಿ ಕೂತಿದ್ದರು. ಹೊರಗೆ ಹಜರಾಬಿ, ದುರ್ಗವ್ವ ಮತ್ತು ಊರಿನ ಹೆಂಗಸರು ನಿಂತಿದ್ದರು. ಪ್ರಾಂತ ಸಾಹೇಬರು ನಿಂತಲ್ಲೇ ಕಿಸೆಯಿಂದ ಅರ್ಜಿ ತೆಗೆದರು.

"ಬಸಂತರಾಯರು ಯಾರು? ಮುಂದೆ ಬನ್ನಿ. ಈ ಮೃತ್ಪಾದ ಅಂದರೆ ಏನು ಅರ್ಥ? ಎಲ್ಲರ ಎದುರಿಗೆ ಹೇಳಿ."

ರಾಯರು ಒಂದು ಹೆಜ್ಜೆ ಕಿತ್ತಿಡುವಷ್ಟರಲ್ಲಿ ಮಾಮಲೇದಾರರು ಉತ್ಸಾಹದಿಂದ ಮುಂದೆ ಬಂದರು. "ಅದು ದಿಲ್ಲಿಯಿಂದ ಬಂದ ಹೊಸಾ ಬಿರುದು ಸರ್. ಸುತ್ತೋಲೆ ಫಾಯಿಲಿಗೆ ಹಚ್ಚೇವಿ."

"ಯಾವ ಸುತ್ತೋಲೆ? ನಾನು ಹತ್ತು ವರ್ಷ ಸಂಸ್ಕೃತ ಓದಿದವನು ಕಣ್ರೀ. ಮಣ್ಣುಗಾಲಿನವನು ಅಂತ ಅರ್ಥ! ನನ್ನನ್ನ ಮಹಾ ಮಣ್ಣುಗಾಲಿನವನು ಅಂತ ನೀವು ನಿಮ್ಮ ಕೈಯಲ್ಲೇ ಬರೆದಿದ್ದೀರಿ!"

ಮಾಮಲೇದಾರರ ಮುಖ ಕೊಟ್ಟಿಗೆಯ ಗೋಡೆಯ ಬಣ್ಣಕ್ಕೆ ತಿರುಗಿತು.

"ಸರ್ಕಾರಿ ಕಾಗದದಲ್ಲಿ ಅಧಿಕಾರಿಗಳಿಗೆ ಬೈಗುಳ" ಎಂದರು ಪ್ರಾಂತ ಸಾಹೇಬರು. "ಈ ಅರ್ಜಿ ವಜಾ ಮಾಡೋದಕ್ಕೆ ಅಷ್ಟು ಸಾಕು."

"ವಜಾ?" ಎಂದಳು ಹಜರಾಬಿ. ಒಳಗಿನಿಂದ ಬರುತ್ತಿದ್ದ ಮಗ್ಗಿಯ ದನಿ ನಿಂತಿತು. ಹುಡುಗಿಯರೆಲ್ಲ ಕೊರಳು ಚಾಚಿ ಹೊರಗೆ ನೋಡಿದರು.

ಮಾಮಲೇದಾರರು ತಮ್ಮ ಪೆನ್ನನ್ನು ರಾಯರ ಕೈಗೆ ತುರುಕಿ ಕಿವಿಯಲ್ಲಿ ಹೇಳಿದರು. "ಕೈತಪ್ಪಾತು ಅಂತ ಹೇಳ್ರಿ. ಹೊಡದ ಹಾಕಿ ಪೂಜ್ಯಪಾದ ಅಂತ ತಿದ್ರಿ. ಲಗೂನ!"

ರಾಯರು ಅರ್ಜಿ ಕೈಗೆ ತೆಗೆದುಕೊಂಡರು. ತಲೆ ಎತ್ತುವ ಧೈರ್ಯವಿರಲಿಲ್ಲವಾದ್ದರಿಂದ ಕೆಳಗೆ ನೋಡಿದರು. ಕೆಳಗೆ ಕಂಡದ್ದು ಬರೇ ಕಾಲುಗಳು. ಪ್ರಾಂತ ಸಾಹೇಬರ ಕಾಲು, ಮಾಮಲೇದಾರರ ಕಾಲು, ನಬಿಸಾಬನ ಕಾಲು, ದುರ್ಗವ್ವನ ಕಾಲು, ತಮ್ಮ ಕಾಲು. ಎಲ್ಲವೂ ಮೊಣಕಾಲಿನ ತನಕ ಕಪ್ಪು. ಯಾರದು ಯಾವುದು ಎಂದು ಗುರುತು ಹಚ್ಚಲು ಬರುತ್ತಿರಲಿಲ್ಲ. ಯಾಕೋ ಅವರ ಜ್ವರ ಬಿಟ್ಟಿತು.

"ತಪ್ಪ ನಂದ್ರಿ ಸಾಹೇಬರ" ಎಂದರು. "ಇದನ್ನ ನಾ ಬಿರುದ ಅಂತ ತಿಳದ ಬರದೆ. ಬೈಗುಳ ಅಂತ ಆಮ್ಯಾಲ ಗೊತ್ತಾತು. ಶಿಕ್ಷಾ ಏನ ಕೊಡತೀರಿ ನನಗ ಕೊಡ್ರಿ, ಈ ಹುಡಿಗ್ಯಾರಿಗಿ ಬ್ಯಾಡ. ಆದರ ನಾ ಇದನ್ನ ತಿದ್ದಂಗಿಲ್ರಿ."

"ಏನಂದ್ರಿ?"

"ತಿದ್ದಂಗಿಲ್ರಿ. ಈ ಮಾತ ಯಾರ ಅಂದಾರ? ಮಂಗಳದವರು."

"ಮಂಗಳೂರಿನವರಾ?"

"ಮಂಗಳೂರಲ್ರಿ, ಮಂಗಳ! ಆಕಾಶದಾಗಿನ ಮಂಗಳ! ಅವರ ಅಂಗಳ ಸ್ಫಟಿಕದ್ದಂತ. ಇರ್ಲಿ. ಸ್ಫಟಿಕದಾಗ ಬಿಳಿಜ್ವಾಳ ಬೆಳೀತಾವೇನ್ರಿ? ಒಂದ ಮಳಿ ಕುಡದು ನಾಕ ತಿಂಗಳ ಬೆಳಿ ಕಾಯತೈತೇನ್ರಿ? ನಮ್ಮ ಎರಿ ಕಾಯತೈತಿ. ಅವರಿಗಿ ಇಲ್ಲ, ನಮಗೈತಿ, ಅದಕ್ಕ ಹೊಟ್ಟಿಕಿಚ್ಚಿಗಿ ಬೈದಾರ. ನಾ ಯಾಕ ನಾಚಗೋಬೇಕು? ನೋಡ್ರಿ, ಬರದೆ!"

ಎಂದವರೇ, ಅರ್ಜಿಯ ಕೆಳಗೆ 'ಬರೆದವರು ಬಸಂತರಾಯ' ಎಂದು ಇದ್ದ ಕಡೆ, ಆ ಹೆಸರಿನ ಹಿಂದೆ 'ಮೃತ್ಪಾದ' ಎಂದು ದಪ್ಪವಾಗಿ ಬರೆದರು.

"ನನ್ನ ಹೆಬ್ಬಟ್ಟಿನ ಮುಂದೂ ಬರೀರಿ" ಎಂದಳು ದುರ್ಗವ್ವ. "ನಂದು ಎಪ್ಪತ್ತ ವರ್ಷದ ಮಣ್ಣ ಐತಿ."

"ನನಗೂ ಬರೀರಿ" ಎಂದಳು ಹಜರಾಬಿ.

"ನನಗೂ ಇರ್ಲಿ" ಎಂದ ನಬಿಸಾಬ, ಬೂಟು ಅವಚಿಕೊಂಡೇ. "ಪಟ್ಟೇವಾಲಾ ಅನ್ನೂದು ಅದರ ಹಿಂದ ಬರೀರಿ."

ಪ್ರಾಂತ ಸಾಹೇಬರು ಒಬ್ಬೊಬ್ಬರನ್ನೂ ನೋಡಿದರು. "ಯಾವ ಮಂಗಳ? ಯಾವ ಸ್ಫಟಿಕ? ಯಾರಾದರೂ ಸರಿಯಾಗಿ ಹೇಳ್ತೀರಾ?" ಎಂದರು. ರಾಯರು ಚೀಲದಿಂದ ವಾರಪತ್ರಿಕೆ ತೆಗೆದು ಕೊಟ್ಟರು. ಪ್ರಮಾಣಕ್ಕೆ ಇರಲಿ ಎಂದು ಸುಮಿತ್ರಾಬಾಯಿ ಹಾಕಿ ಕಳಿಸಿದ್ದರು. ಸಾಹೇಬರು ಕೊಟ್ಟಿಗೆಯ ಗೋದಲಿಯ ಅಂಚಿನ ಮೇಲೆ ಕೂತು ಓದತೊಡಗಿದರು. ಒಂದು ಹಾಳೆ ಓದಿದರು. ಹಿಂದಿನ ವಾರದ್ದು ಕೇಳಿ ಇಸಿದುಕೊಂಡರು. ರಾಣಿಯ ಮಾತಿಗೆ ಬಂದಾಗ ಅವರು ತಮ್ಮ ಕಾಲು ನೋಡಿಕೊಂಡರು. ಒಂದರಲ್ಲಿ ಬೂಟು ಇತ್ತು, ಒಂದರಲ್ಲಿ ಇರಲಿಲ್ಲ. ಮಣ್ಣು ಎರಡಕ್ಕೂ ಸಮನಾಗಿತ್ತು.

ಅವರ ಮೀಸೆ ಅಲುಗಿತು. ಸಿಟ್ಟೋ ನಗೆಯೋ ತಿಳಿಯದೆ ಮಾಮಲೇದಾರರು ಎರಡಕ್ಕೂ ಸಿದ್ಧರಾಗಿ ನಿಂತರು.

"ಈ ಹೆಂಗಸಿಗೆ ಎಷ್ಟು ಸೊಕ್ಕು ನೋಡ್ರೀ!" ಎಂದರು ಪ್ರಾಂತ ಸಾಹೇಬರು.

"ಅದನ್ನಽ ನಾ ಹೇಳಾಕತ್ತೇನ್ರಿ!" ಎಂದರು ರಾಯರು.

ಅಷ್ಟರಲ್ಲಿ ಹಜರಾಬಿಯ ಎಮ್ಮೆಗಳು ಬಂದವು. ಹೊಲವೆಲ್ಲ ಕೆಸರಾದ್ದರಿಂದ ಅಂದು ಬೇಗ ತಿರುಗಿದ್ದವು. ಎಮ್ಮೆ ಒಳಗೆ ಬಂದೊಡನೆ ನಲವತ್ತೊಂದು ಹುಡುಗಿಯರೂ ಪಾಟಿ ಎತ್ತಿಕೊಂಡು ಗೋಡೆಗೆ ಅಂಟಿದರು, ಬಾಯಿಯವರು ಕಪ್ಪು ಹಲಗೆಯನ್ನು ತಲೆಯ ಮೇಲೆ ಹೊತ್ತರು. ಮುಂದಿನ ಎಮ್ಮೆ ತನ್ನ ಗೋದಲಿಯ ಮೇಲೆ ಕೂತಿದ್ದ ಪ್ರಾಂತ ಸಾಹೇಬರನ್ನು ಮೂತಿಯಿಂದ ಸರಿಸಿತು. ಸಾಹೇಬರು ಸರಿದರು. ಇನ್ನೊಂದಿಷ್ಟು ನೂಕಿತು. ಸಾಹೇಬರು ಹೊರಗೆ ಬಂದರು.

"ದಿನಾ ಹೀಗೇನಾ?" ಎಂದು ಕೇಳಿದರು.

"ಎರಡ ವರ್ಷ ಆತ್ರಿ" ಎಂದಳು ಹಜರಾಬಿ. "ನಮ್ಮ ಹುಡಿಗಿ ಸಗೀರಾ ಬಾಕಿ ಲೆಕ್ಕಾ ಕಲೀತಿರಬೇಕಾದ್ರ ಎಮ್ಮಿ ಬರತಾವು. ಅದಕ್ಕಽ ಅಕಿಗಿ ಕೂಡಿಸೂದು ಬರತೈತಿ, ಕಳಿಯೂದು ಇನ್ನೂ ಬರಂಗಿಲ್ರಿ."

ಪ್ರಾಂತ ಸಾಹೇಬರು ಬರೆಯಲು ಜಾಗ ಹುಡುಕಿದರು. ಜೀಪು ಅರ್ಧ ಮೈಲಿ ಹಿಂದೆ ಹೂತಿತ್ತು. ನಬಿಸಾಬ ಮುಂದೆ ಬಂದು, ಬಿಲ್ಲೆಯನ್ನು ಒಮ್ಮೆ ತಿಕ್ಕಿಕೊಂಡು, ಬಗ್ಗಿ ಬೆನ್ನು ಕೊಟ್ಟ. ಆ ಬೆನ್ನಿನ ಮೇಲೆ ಹಾಳೆ ಇಟ್ಟು ಸಾಹೇಬರು ಬರೆದರು: 'ಸ್ಥಳ ನೋಡಿದೆ. ಇಪ್ಪತ್ತು ಗುಂಟೆ ಮಂಜೂರು.' ಕೆಳಗೆ ಸಹಿ ಮಾಡಿದರು: 'ಮೃ. ಪರಮಾನಂದ.'

ಆ ಮೊದಲಿನ ಅಕ್ಷರ ಯಾರ ಹೆಸರಿನದು, ತಂದೆಯದೋ ಊರಿನದೋ ಎಂದು ವಿಜಾಪುರದ ಕಚೇರಿಯಲ್ಲಿ ಎಷ್ಟೋ ದಿನ ಚರ್ಚೆಯಾಯಿತಂತೆ. ಎರಿಕೊಪ್ಪದಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಊರವರೆಲ್ಲ ಸೇರಿ ಗೋಡೆ ಎಬ್ಬಿಸಿದರು. ಮಣ್ಣು ತುಳಿದು ಹದ ಮಾಡುವ ಕೆಲಸಕ್ಕೆ ಹೆಂಗಸರು ಗಂಡಸರು ಎಂದಿಲ್ಲದೆ ಎಲ್ಲರೂ ಇಳಿದರು. ಬಾಗೇವಾಡಿಯಿಂದ ಬಸಂತರಾಯರು ಬಂದು ಧೋತರ ಎತ್ತಿ ಕಟ್ಟಿ ಒಂದು ದಿನ ತುಳಿದು, ಎರಡು ದಿನ ಮೈ ನೋವೆಂದು ಮಲಗಿದರು. ಇಂಡಿಯ ವಕೀಲರಿಗೆ ಅಷ್ಟರಲ್ಲಿ ಅರ್ಥ ತಿಳಿದಿತ್ತಾದರೂ ಬೋರ್ಡು ಇಳಿಸಲಿಲ್ಲ. ಕೇಳಿದವರಿಗೆ, "ಹೌದ್ರಿ, ನಾನೂ ಮಣ್ಣಿನ ಮಗನಽ" ಎನ್ನುತ್ತಿದ್ದರಂತೆ. ಶ್ರೀಶೈಲಪ್ಪ ಮಾತ್ರ ಆ ಶಬ್ದ ಕೇಳಿದರೆ ಇಂದಿಗೂ ಕೊರಳು ಮುಟ್ಟಿ ನೋಡಿಕೊಳ್ಳುತ್ತಾನೆ.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಪ್ರಾಂತ ಸಾಹೇಬರು ಬಂದಿದ್ದರು. ಈ ಸಲ ಬೂಟು ಹಾಕದೆ ಚಪ್ಪಲಿಯಲ್ಲಿ ಬಂದಿದ್ದರು. ಅವರೂ ಆ ವಾರಪತ್ರಿಕೆಯನ್ನು ತರಿಸುತ್ತಿದ್ದರೆಂಬುದು ಸುಮಿತ್ರಾಬಾಯಿಯ ಜೊತೆ ಅವರು ಅರ್ಧ ತಾಸು ಮಾತಾಡಿದ್ದರಿಂದ ಎಲ್ಲರಿಗೂ ತಿಳಿಯಿತು. ಕಥೆ ಆ ವಾರವೇ ಮುಗಿದಿತ್ತು. ಯುದ್ಧದಲ್ಲಿ ಸೋತ ಮಂಗಳದ ಮಹಾರಾಣಿ ಸಂಧಿ ಕೇಳಲು ವಿಮಾನ ಹತ್ತಿ ಭೂಮಿಯ ಕಡೆ ಹೊರಟಿದ್ದಳು.

"ಎಲ್ಲಿ ಇಳೀತಾಳೆ ಅಂತ ಬರೆದಿಲ್ಲ" ಎಂದರು ಸಾಹೇಬರು, ಚಹಾ ಕುಡಿಯುತ್ತ. "ನಿಮ್ಮ ಎರಿಕೊಪ್ಪದಲ್ಲೇ ಇಳಿದರೆ ಏನು ಮಾಡ್ತೀರಿ?"

"ನಾ ಮಾನಪತ್ರ ಬರೀತೇನ್ರಿ" ಎಂದರು ರಾಯರು. "ಆದರ ಬಿರುದು ಒಂದೂ ಹಾಕಂಗಿಲ್ಲ."

"ನಾ ಊರ ಅಗಸಿ ಬಾಗಲದಾಗಽ ನಿಂದ್ರಸ್ತೇನ್ರಿ. ಚೀಟಿ ಕೊಡದನ ಬಿಡಂಗಿಲ್ಲ" ಎಂದ ನಬಿಸಾಬ.

"ಈ ಗಂಡಸರ ಮಾತ ಬಿಡ್ರಿ ಸಾಹೇಬರ" ಎಂದಳು ಹಜರಾಬಿ. "ಅಷ್ಟ ದೂರದಿಂದ ಬಂದಿರ್ತಾಳ, ಪಾಪ. ವಿಮಾನ ಇಳದು ನಮ್ಮ ಎರ್ಯಾಗ ನಾಕ ಹೆಜ್ಜಿ ನಡದಿರ್ತಾಳ. ಒಂದ ತಂಬಿಗಿ ನೀರ ಕೈಯಾಗ ಕೊಟ್ಟು, ಕಾಲ ತೊಳಕೊಂಡ ಒಳಗ ಬಾರವ್ವಾ ಅಂತೇನ್ರಿ."